ಜಾತ್ರೆಯ ಟೇಪು: ಗೀಗೀ ಪದದ ಹೊಸ ರಸಿಕರಿಗೊಂದು ಕೈಪಿಡಿ

ಗೀಗೀ ಪದ ಕೇಳಲು ಹೊರಟವರಿಗೆ ನನ್ನ ಮೊದಲ ಮಾತು: ಸ್ಟುಡಿಯೋದಲ್ಲಿ ಹಾಡಿಸಿದ್ದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ದನಿ ಸ್ವಚ್ಛ, ಎಕೋ ಹದವಾಗಿದೆ, ನಡುನಡುವೆ ಕೀಬೋರ್ಡು ಬರುತ್ತದೆ, ಕಿವಿಗೆ ಹಿತವೂ ಹೌದು. ಆದರೆ ಚಡಚಣ, ಇಂಡಿ, ಸಿಂದಗಿ ಸೀಮೆಯ ಹಳೆಯ ರಸಿಕರು ಹಠ ಹಿಡಿದು ಉಳಿಸಿಕೊಂಡದ್ದು ಅದನ್ನಲ್ಲ. ಅವರ ಜೀವವೆಲ್ಲ ಜಾತ್ರೆಯ ಟೇಪಿನ ಮೇಲೆ. ಗುಡಿಯ ಮುಂದೆ ಎರಡು ಮೇಳಗಳು ಎದುರುಬದುರಾಗಿ ರಾತ್ರಿಯಿಡೀ ಹಾಡುವಾಗ, ಮಂದಿಯ ನಡುವೆ ಕೂತ ಯಾರೋ ಒಬ್ಬರು ಟೇಪ್‌ರಿಕಾರ್ಡರ್ ತೊಡೆಯ ಮೇಲಿಟ್ಟುಕೊಂಡು ತುಂಬಿಕೊಂಡದ್ದು ಅದು. ಅದರಲ್ಲಿ ಕೂಸು ಅಳುತ್ತದೆ, ನಾಯಿ ಬೊಗಳುತ್ತದೆ, ಯಾರೋ ಬೀಡಿ ಕೇಳುತ್ತಾರೆ, ಪದ ಅರ್ಧಕ್ಕೇ ಕಡಿದು ಹೋಗುತ್ತದೆ. ಆದರೂ ಅವರಿಗೆ ಅದೇ ಬೇಕು.

ಇದನ್ನು ಮುದುಕರ ಮೋಹ ಎಂದು ತಳ್ಳಿಹಾಕುವ ಮುನ್ನ ಆಟ ಹೇಗೆಂದು ತಿಳಿಯಬೇಕು. ಈ ಭಾಗದಲ್ಲಿ ಗೀಗೀ ಹಾಡಕಿ ಎಂದರೆ ಹರದೇಶಿ–ನಾಗೇಶಿ. ಹರದೇಶಿಯವರು ಶಿವನ ಪಕ್ಷ, ಗಂಡು ಹೆಚ್ಚು ಎನ್ನುವವರು. ನಾಗೇಶಿಯವರು ಶಕ್ತಿಯ ಪಕ್ಷ, ಹೆಣ್ಣಿಲ್ಲದೆ ಜಗವಿಲ್ಲ ಎನ್ನುವವರು. ಭೀಮೆಯಾಚೆಗೆ ಮರಾಠಿ ಶಾಹಿರರಲ್ಲೂ ಇದೇ ಜಗಳವಿದೆ, ಅಲ್ಲಿ ಅದು ಕಲ್ಗಿ–ತುರಾ. ನಾಗೇಶಿ ಮೇಳದ ಮುಂದಾಳು ಎಷ್ಟೋ ಕಡೆ ಹೆಣ್ಣುಮಗಳೇ. ಒಂದು ಮೇಳ ಪುರಾಣದಿಂದಲೋ ದೇಹತತ್ತ್ವದಿಂದಲೋ ಒಂದು ಸವಾಲು ಎತ್ತಿ ಹಾಡುತ್ತದೆ. ಎದುರಿನವರು ಅದಕ್ಕೆ ಪದದಲ್ಲೇ ಜವಾಬು ಕೊಟ್ಟು, ತಮ್ಮದೊಂದು ಸವಾಲನ್ನು ತಿರುಗಿ ಎಸೆಯಬೇಕು. ವಾದ್ಯಗಳೆಂದರೆ ದಪ್ಪು, ತುಂತುಣಿ, ತಾಳ, ಅಷ್ಟೇ. ಮುಂದಿನವರು ಹಾಡಿದ ಸಾಲಿನ ತುದಿಯನ್ನು ಹಿಂದಿನವರು ಹಿಡಿದು ‘ಗೀ ಗೀ’ ಎಂದು ಎಳೆಯುತ್ತಾರೆ.

ಇದು ಜಗಳದ ಕಲೆ, ಜಗಳಕ್ಕೆ ಇಬ್ಬರು ಬೇಕು. ಸ್ಟುಡಿಯೋದ ಪದದಲ್ಲಿ ಒಬ್ಬರೇ ಇರುತ್ತಾರೆ. ಪ್ರಶ್ನೆಯನ್ನೂ ಉತ್ತರವನ್ನೂ ಒಂದೇ ಮೇಳ ಮೊದಲೇ ಬರೆದುಕೊಂಡು ಬಂದು ಆರೇಳು ನಿಮಿಷದಲ್ಲಿ ಮುಗಿಸುತ್ತದೆ. ಅಲ್ಲಿ ಸೋಲುವ ಭಯವೇ ಇಲ್ಲ. ಜಾತ್ರೆಯ ಟೇಪಿನಲ್ಲಿ ಆ ಭಯ ಕೇಳಿಸುತ್ತದೆ. ಅದನ್ನು ಕೇಳಿಸಿಕೊಳ್ಳಲು ಕಲಿತರೆ ಅರ್ಧ ದಾರಿ ಸವೆಸಿದಂತೆ.

ಎಲ್ಲಿ ಕೇಳಿಸುತ್ತದೆ? ಸವಾಲು ಮುಗಿದು ಜವಾಬು ಶುರುವಾಗುವ ನಡುವಿನ ಸಂದಿನಲ್ಲಿ. ಒಂದು ಮೇಳ ಕೊನೆಯ ನುಡಿ ಹಾಡಿ ನಿಲ್ಲಿಸಿತು, ಮಂದಿ ‘ಹೋ’ ಎಂದಿತು. ಈಗ ಎದುರಿನವರ ದಪ್ಪು ತಕ್ಷಣ ಬಿತ್ತೋ, ತಡವಾಯಿತೋ, ನೋಡಿಕೊಳ್ಳಿ. ತಕ್ಷಣ ಬಿದ್ದರೆ ಜವಾಬು ಅವರ ಬಾಯಲ್ಲೇ ಇತ್ತು. ತಡವಾದರೆ ತುಂತುಣಿ ಸುಮ್ಮನೆ ಮಿಡಿಯುತ್ತಲೇ ಇರುತ್ತದೆ, ಯಾರೋ ಗಂಟಲು ಸರಿಮಾಡಿಕೊಳ್ಳುತ್ತಾರೆ, ಹಿಮ್ಮೇಳದವರು ಸವಾಲಿಗೆ ಸಂಬಂಧವೇ ಇಲ್ಲದ ದೇವರ ಸ್ತುತಿಯೊಂದನ್ನು ಎತ್ತಿಕೊಳ್ಳುತ್ತಾರೆ. ಮುಂದಾಳು ತಲೆಯೊಳಗೆ ಪದ ಕಟ್ಟುತ್ತಿದ್ದಾನೆ ಎಂದು ಅರ್ಥ. ಬಳಿಕ ಮೊದಲ ಸಾಲು ಕೊಂಚ ತಡವರಿಸಿ ಬರುತ್ತದೆ, ಎರಡನೆಯದು ನೆಟ್ಟಗಾಗುತ್ತದೆ, ಮೂರನೆಯದಕ್ಕೆ ಪ್ರಾಸ ಸಿಕ್ಕಿತೆಂದರೆ ಮಂದಿಯ ಸದ್ದು ಟೇಪನ್ನೇ ಹರಿಯುತ್ತದೆ. ಈ ಮೂರು ಸಾಲುಗಳಿಗಾಗಿ ತಾಸುಗಟ್ಟಲೆ ಗೊರಗೊರವನ್ನು ಸಹಿಸುವವರೇ ರಸಿಕರು. ನೀವೂ ಸಹಿಸಿ.

ಗಾಯನದ ನಡೆ ಗುರುತಿಸಲು ಕೆಲವು ಮಾತು ತಿಳಿದಿದ್ದರೆ ಸಾಕು. ಮೊದಲಿಗೆ ಸಖಿ ಬರುತ್ತದೆ, ತಾಳದ ಬಿಗಿ ಇಲ್ಲದೆ ದನಿ ಎತ್ತಿ ಹೇಳುವ ಪೀಠಿಕೆ. ಆಮೇಲೆ ಪಲ್ಲವಿ, ನುಡಿ. ನುಡಿಯ ನಡುವೆ ಚಾಲ ಬಂದಾಗ ನಡಿಗೆ ಬದಲಾಗುತ್ತದೆ. ಏರಿನಲ್ಲಿ ದನಿ ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ, ಇಳುವಿನಲ್ಲಿ ಕೆಳಗಿಳಿದು ಪಲ್ಲವಿಗೆ ಕೂಡಿಕೊಳ್ಳುತ್ತದೆ. ಹೊಸಬರು ಏರಿಗೆ ಮರುಳಾಗುತ್ತಾರೆ, ಅದು ಸಹಜ. ಆದರೆ ಹಾಡುವವರ ಕಸುವು ತಿಳಿಯುವುದು ಇಳುವಿನಲ್ಲೇ. ಅಷ್ಟು ಎತ್ತರಕ್ಕೆ ಹೋದ ಮೇಲೆ ಮಾತು ನುಂಗದೆ, ಅಕ್ಷರ ಬಿಡದೆ ಕೆಳಗೆ ಬರುವುದು ಎಲ್ಲರಿಗೂ ಆಗುವ ಮಾತಲ್ಲ. ಹಿಮ್ಮೇಳವನ್ನೂ ಬೇರೆಯಾಗಿ ಒಮ್ಮೆ ಕೇಳಿ. ಅವರು ಎಳೆಯುವ ‘ಗೀ’ ಬರೀ ಅಲಂಕಾರ ಅಲ್ಲ, ಮುಂದಾಳುವಿಗೆ ಅದು ಉಸಿರು ತಗೊಳ್ಳುವ ಹೊತ್ತು, ಮುಂದಿನ ಸಾಲು ಹುಡುಕುವ ಹೊತ್ತು. ಮುಂದಾಳು ಸಿಕ್ಕಿಬಿದ್ದನೆಂದು ಗೊತ್ತಾದರೆ ಒಳ್ಳೆಯ ಹಿಮ್ಮೇಳ ಆ ‘ಗೀ’ಯನ್ನು ಇನ್ನೊಂದು ಸುತ್ತು ಎಳೆದು ಅವನನ್ನು ಕಾಯುತ್ತದೆ. ಸ್ಟುಡಿಯೋದಲ್ಲಿ ಇದನ್ನು ತಪ್ಪೆಂದು ಕತ್ತರಿಸಿಬಿಡುತ್ತಾರೆ.

ಇನ್ನು ಸದ್ದಿನ ವಿಷಯ. ಟೇಪು ‘ಕೆಟ್ಟಿದೆ’ ಎಂದು ನಿಮಗೆ ಅನಿಸುವುದರಲ್ಲಿ ಬಹುಪಾಲು ಯಂತ್ರದ ಸ್ವಭಾವ. ಕೈಯಲ್ಲಿ ಹಿಡಿದೊಯ್ಯುವ ಟೇಪ್‌ರಿಕಾರ್ಡರಿನೊಳಗೆ ದನಿಯ ಮಟ್ಟವನ್ನು ತಾನೇ ಏರಿಸಿ ಇಳಿಸುವ ವ್ಯವಸ್ಥೆ ಇರುತ್ತದೆ. ದಪ್ಪಿನ ಪೆಟ್ಟು ಬಿದ್ದ ಕ್ಷಣ ಅದು ಎಲ್ಲವನ್ನೂ ತಗ್ಗಿಸುತ್ತದೆ, ಪೆಟ್ಟು ನಿಂತೊಡನೆ ಮೆಲ್ಲಗೆ ಎತ್ತುತ್ತದೆ. ಹೀಗಾಗಿ ಪ್ರತಿ ಪೆಟ್ಟಿನ ಹಿಂದೆ ಹಾಡು ಒಂದು ಗಳಿಗೆ ಮುಳುಗಿ ಏಳುತ್ತದೆ, ಹಾಡು ನಿಂತಲ್ಲಿ ಮಂದಿಯ ಗುಜುಗುಜು ಉಕ್ಕಿ ಬರುತ್ತದೆ. ಒಮ್ಮೆ ಇದು ಗೊತ್ತಾದರೆ ಮಂದಿಯೂ ಮೇಳದ ಪಾಲುದಾರರಂತೆ ಕೇಳಿಸುತ್ತಾರೆ. ಭೋಂಗಾದಿಂದ, ಅಂದರೆ ಕಹಳೆಯಂಥ ಲೌಡ್‌ಸ್ಪೀಕರಿನಿಂದ, ಬಂದ ದನಿಗೆ ಕೆಳಗಿನ ಸ್ವರವೇ ಇರುವುದಿಲ್ಲ. ದಪ್ಪು ತನ್ನ ಘನತೆ ಕಳೆದುಕೊಂಡು ಚಟಚಟ ಎನ್ನುತ್ತದೆ, ತುಂತುಣಿಯ ತಂತಿ ಮಾತ್ರ ಸೂಜಿಯಂತೆ ಹಾಯುತ್ತದೆ. ಟೇಪು ತುಂಬಿದವರು ಭೋಂಗಾದ ಬುಡದಲ್ಲಿ ಕೂತಿದ್ದರೋ, ಮೇಳದ ಕಾಲಬಳಿ ಕೂತಿದ್ದರೋ ಎಂಬುದನ್ನು ಇದರಿಂದಲೇ ಹೇಳಬಹುದು. ಕಾಲಬಳಿ ತುಂಬಿದ್ದು ಸಿಕ್ಕರೆ ಬಿಡಬೇಡಿ.

ದನಿ ಅಸಹಜವಾಗಿ ಸಣ್ಣದಾಗಿ, ಓಡುವಂತೆ ಕೇಳಿದರೆ ಹಾಡಿದವರನ್ನು ಬೈಯಬೇಡಿ. ತುಂಬುವಾಗ ಸೆಲ್ಲು ಸೋತಿದ್ದರೆ ಮೋಟರು ನಿಧಾನಕ್ಕೆ ತಿರುಗಿರುತ್ತದೆ, ಮನೆಯ ಕರೆಂಟಿನಲ್ಲಿ ಸರಿಯಾದ ವೇಗಕ್ಕೆ ಹಾಕಿದಾಗ ಪದ ಓಡುತ್ತದೆ. ಬೆಳಗಿನ ಜಾವದ ಭಾಗಗಳಲ್ಲಿ ಇದು ಹೆಚ್ಚು, ಯಾಕೆಂದರೆ ಅಷ್ಟೊತ್ತಿಗೆ ಸೆಲ್ಲೂ ನಿದ್ದೆಗಣ್ಣು. ದಪ್ಪಿನ ಕಥೆ ಇದಕ್ಕಿಂತ ಚೆಂದ. ರಾತ್ರಿಯ ತಂಪಿಗೆ ಚರ್ಮ ಸಡಿಲಾಗಿ ದಪ್ಪಿನ ದನಿ ಇಳಿಯುತ್ತಾ ಹೋಗುತ್ತದೆ, ನಡುವೆ ಬೆಂಕಿಗೆ ಹಿಡಿದು ಕಾಯಿಸಿ ತಂದರೆ ಮತ್ತೆ ಟಣ್ ಎನ್ನುತ್ತದೆ. ಒಂದೇ ರಾತ್ರಿಯ ಎರಡು ಮೂರು ಕ್ಯಾಸೆಟ್ಟು ಕ್ರಮ ತಪ್ಪಿ ಸಿಕ್ಕರೆ, ಯಾವುದು ಮೊದಲು ಯಾವುದು ಕೊನೆ ಎಂದು ದಪ್ಪಿನ ದನಿಯಿಂದಲೇ ಅಂದಾಜು ಕಟ್ಟಬಹುದು. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಒಂದು ಬದಿ ಮೂವತ್ತು ನಿಮಿಷ, ತೊಂಬತ್ತರದ್ದಕ್ಕೆ ನಲವತ್ತೈದು. ಹಾಡಕಿಗೆ ಈ ಲೆಕ್ಕ ಗೊತ್ತಿಲ್ಲ. ಬದಿ ತಿರುವುವ ಹೊತ್ತಿಗೇ ಜವಾಬಿನ ಮುಖ್ಯ ಸಾಲು ಹೋಗಿರುತ್ತದೆ. ಆ ಕಳೆದ ಸಾಲು ಏನಿದ್ದೀತು ಎಂದು ವಾದಿಸುವುದು ರಸಿಕರ ಬೈಠಕ್ಕಿನ ದೊಡ್ಡ ಮನರಂಜನೆ.

ಹೊಸಬರು ತಾಳ್ಮೆ ಕಳೆದುಕೊಳ್ಳುವುದು ಆಯಾರದ ಹೊತ್ತಿಗೆ. ಪದ ಏರಿನಲ್ಲಿರುವಾಗಲೇ ಯಾರೋ ಎದ್ದು ಬಂದು ನೋಟು ಕೊಡುತ್ತಾರೆ. ಹಾಡು ನಿಲ್ಲುತ್ತದೆ, ಇಂಥ ಊರಿನ ಇಂಥವರು ಇಷ್ಟು ರೂಪಾಯಿ ಆಯಾರ ಮಾಡಿದ್ದಾರೆ ಎಂದು ಮುಂದಾಳು ಹೆಸರು ಕೂಗಿ ಹರಸುತ್ತಾರೆ, ಮತ್ತೆ ಪದ. ಇದನ್ನು ಓಡಿಸಿ ಮುಂದೆ ಹೋಗಬೇಡಿ. ಯಾವ ಸಾಲಿಗೆ ನೋಟು ಬಂತು ಎಂಬುದು ಆ ರಾತ್ರಿಯ ವಿಮರ್ಶೆ, ಅದೂ ಅಲ್ಲೇ, ಆಗಲೇ ಬರೆದದ್ದು. ಹರದೇಶಿಯ ಪದಕ್ಕೆ ಸುಮ್ಮನಿದ್ದ ಮಂದಿ ನಾಗೇಶಿಯ ಒಂದು ನುಡಿಗೆ ಸಾಲುಗಟ್ಟಿದರೆ, ಶಾಸ್ತ್ರದ ಪ್ರಕಾರ ಗೆದ್ದವರು ಯಾರೇ ಇರಲಿ, ಊರು ಯಾರನ್ನು ಗೆಲ್ಲಿಸಿತೆಂಬುದು ಟೇಪಿನಲ್ಲಿದೆ.

ಭಾಷೆಗೆ ಹೆದರಬೇಡಿ. ಚಡಚಣ ಗಡಿಯ ಊರು. ಬಟ್ಟೆಯ ಪೇಟೆಗೆ ಸೊಲ್ಲಾಪುರದ ಕಡೆಯ ಮಂದಿ ಬರುತ್ತಾರೆ, ಮಂಗಳವೇಢೆ, ಜತ್ತ, ಅಕ್ಕಲಕೋಟೆಯ ಹಳ್ಳಿಗಳಲ್ಲಿ ಕನ್ನಡ ಹಾಡಕಿಗೆ ಇಲ್ಲಿಯಷ್ಟೇ ಮಂದಿ ಕೂಡುತ್ತಾರೆ. ಹುಲಜಂತಿಯ ಮಾಳಿಂಗರಾಯನ ದೀಪಾವಳಿ ಜಾತ್ರೆಗೆ ಗಡಿಯೇ ಇಲ್ಲ, ಡೊಳ್ಳಿನ ಪದದವರಿಗೆ ಅದು ದೊಡ್ಡ ಹಬ್ಬ. ಹೀಗಾಗಿ ಪದದೊಳಗೆ ಮರಾಠಿ ಮಾತು ಧಾರಾಳವಾಗಿ ಬರುತ್ತದೆ, ಉರ್ದುವೂ ಬರುತ್ತದೆ. ಮೊದಲ ಸಲಕ್ಕೆ ಅರ್ಧ ತಿಳಿದರೆ ಸಾಕು, ಪ್ರಾಸ ಹಿಡಿದು ಹೋಗಿ.

ಟೇಪು ಬರುವ ಮೊದಲು ಇದೇ ನೆಲದಲ್ಲಿ ಲೇಖನಿಯಿಂದ ‘ತುಂಬಿಕೊಂಡವರು’ ಇದ್ದರು. ಚಡಚಣದಲ್ಲೇ ಹುಟ್ಟಿದ ಸಿಂಪಿ ಲಿಂಗಣ್ಣ, ಹಲಸಂಗಿಯ ಮಧುರಚೆನ್ನ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ — ಹಲಸಂಗಿ ಗೆಳೆಯರು. 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ಲಾವಣಿಗಳ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಬಂದವು. ಹಲಸಂಗಿಯ ಖಾಜಾಭಾಯಿಯಂಥ ಲಾವಣಿಕಾರನ ಊರಿನವರಾದ್ದರಿಂದ ಅವರಿಗೆ ಈ ಹಾಡಿನ ಬಿಸಿ ಹೊರಗಿನಿಂದ ಬಂದು ತಿಳಿಯಬೇಕಿರಲಿಲ್ಲ. ‘ಜೀವನ ಸಂಗೀತ’ವನ್ನು ಒಮ್ಮೆ ಓದಿ ಆಮೇಲೆ ಟೇಪು ಕೇಳಿ, ಇದು ನನ್ನ ಖಚಿತ ಸಲಹೆ. ಪದದ ಕಟ್ಟು, ಪ್ರಾಸ, ತತ್ತ್ವ ಪುಸ್ತಕದಲ್ಲಿ ನಿಚ್ಚಳವಾಗಿ ಕಾಣುತ್ತವೆ. ಆ ಪದಕ್ಕೆ ಎದುರಾಳಿ ಏನೆಂದ, ಮಂದಿ ಎಲ್ಲಿ ನಕ್ಕಿತು ಎಂಬುದನ್ನು ಅಚ್ಚಿಗೆ ಹಾಕುವ ಬಗೆ ಆ ಕಾಲಕ್ಕೆ ಇರಲಿಲ್ಲ.

ಒರಟು ಮೊದಲ ಧ್ವನಿಮುದ್ರಣಗಳ ಈ ಮೋಹ ನಮ್ಮವರಿಗಷ್ಟೇ ಅಂಟಿದ್ದಲ್ಲ. ಗಂಗೂಬಾಯಿ ಹಾನಗಲ್ಲರ ಗಂಭೀರ ದನಿಯನ್ನು ಆರಾಧಿಸುವವರಲ್ಲೇ ಕೆಲವರು, 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಎಚ್‌ಎಂವಿ ತಂದ ಮೂರು ನಿಮಿಷದ ತಟ್ಟೆಗಳಿಗಾಗಿ ಪ್ರಾಣ ಬಿಡುತ್ತಾರೆ. ಗಂಟಲಿನ ಶಸ್ತ್ರಚಿಕಿತ್ಸೆಗೆ ಮುಂಚಿನ ಆ ಎಳೆಯ, ಚೂಪು ದನಿ ಮತ್ತೆಲ್ಲೂ ಸಿಗುವುದಿಲ್ಲ. ಲಂಡನ್ನಿನ ಪಂಕ್ ತಂಡ ಸೆಕ್ಸ್ ಪಿಸ್ಟಲ್ಸ್ 1977ರ ಅಕ್ಟೋಬರಿನಲ್ಲಿ ತನ್ನ ಅಧಿಕೃತ ಆಲ್ಬಮ್ ‘ನೆವರ್ ಮೈಂಡ್ ದ ಬಾಲಕ್ಸ್’ ತಂದಿತು. ಅದಕ್ಕೂ ಮುಂಚೆ ಧ್ವನಿ ತಂತ್ರಜ್ಞ ಡೇವ್ ಗುಡ್‌ಮನ್ ಜೊತೆ ಮಾಡಿಕೊಂಡಿದ್ದ ಒರಟು ಮುದ್ರಣಗಳು ‘ಸ್ಪಂಕ್’ ಎಂಬ ಕಳ್ಳ ರೆಕಾರ್ಡಾಗಿ ಹೊರಬಿದ್ದಿದ್ದವು. ಗಿಟಾರಿನ ಮೇಲೆ ಗಿಟಾರು ಪೇರಿಸಿದ ಆಲ್ಬಮ್ಮಿಗಿಂತ ಇದೇ ನಿಜವಾದದ್ದು ಎಂದು ಅಭಿಮಾನಿಗಳು ಇಂದಿಗೂ ಜಗಳವಾಡುತ್ತಾರೆ. ಅವರನ್ನು ಇಂಡಿಯ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂರಿಸಿದರೆ ಹತ್ತು ನಿಮಿಷಕ್ಕೆ ದೋಸ್ತಿ ಆದೀತು. ಒಂದು ವ್ಯತ್ಯಾಸ ಮಾತ್ರ ಇದೆ. ಅವರ ಒರಟು ಮುದ್ರಣ ಮುಂದಿನ ಸಿದ್ಧ ಕೃತಿಗೆ ಕರಡು. ನಮ್ಮ ಜಾತ್ರೆಯ ಟೇಪಿಗೆ ಮುಂದೊಂದು ಸಿದ್ಧ ಕೃತಿ ಇಲ್ಲ, ಆ ರಾತ್ರಿಯೇ ಕೃತಿ.

ಹಾಗೆಂದು ಗೊರಗೊರ ಎನ್ನುವುದೆಲ್ಲ ಚಿನ್ನ ಎಂದು ನಂಬಬೇಡಿ. ಈ ರೋಗ ರಸಿಕರಲ್ಲಿ ಇದೆ. ಟೇಪು ಹಳೆಯದಾದಷ್ಟೂ, ಕಾಪಿಯ ಮೇಲೆ ಕಾಪಿಯಾಗಿ ದನಿ ಮಸುಕಾದಷ್ಟೂ ಭಕ್ತಿ ಹೆಚ್ಚುತ್ತದೆ. ಸೋಮಾರಿ ಮೇಳಗಳು ಆಗಲೂ ಇದ್ದವು. ಸವಾಲಿಗೆ ಜವಾಬು ಕೊಡಲಾಗದೆ ಎದುರಿನ ಹೆಣ್ಣುಮಗಳನ್ನು ಹೀಯಾಳಿಸಿ, ಅಶ್ಲೀಲಕ್ಕೆ ಇಳಿದು ಚಪ್ಪಾಳೆ ಗಿಟ್ಟಿಸಿದ ಪದಗಳು ಬೇಕಾದಷ್ಟು ಸಿಗುತ್ತವೆ. ಜಿದ್ದು ತತ್ತ್ವದಿಂದ ಜಾರಿ ಮೈಮೇಲೆ ಬಂತೆಂದರೆ ಮೇಳ ಸೋತಿತೆಂದೇ ಲೆಕ್ಕ, ಮಂದಿ ಎಷ್ಟೇ ಸಿಳ್ಳೆ ಹೊಡೆಯಲಿ. ಇತ್ತ ಸ್ಟುಡಿಯೋದಲ್ಲಿ ಹಾಡಿಸಿದ್ದರಲ್ಲೂ ಕೆಲಸಕ್ಕೆ ಬರುವುದಿದೆ: ಸಾಹಿತ್ಯ ಕಲಿಯಲು ಅದಕ್ಕಿಂತ ಒಳ್ಳೆಯದಿಲ್ಲ, ಪ್ರತಿ ಅಕ್ಷರ ಕೇಳುತ್ತದೆ.

ಕ್ಯಾಸೆಟ್ಟಿನ ಕಾಲ ಮುಗಿದು ಮೆಮೊರಿ ಕಾರ್ಡಿನ ಕಾಲ ಬಂತು, ಅದೂ ಹೋಗಿ ಈಗ ಹಾಡಕಿ ನಡೆಯುವಲ್ಲೇ ಹತ್ತಾರು ಮೊಬೈಲು ಎದ್ದು ನಿಲ್ಲುತ್ತವೆ. ಕಚ್ಚಾ ಮುದ್ರಣಕ್ಕೆ ಬರವಿಲ್ಲ. ಸುಗ್ಗಿ ಮುಗಿದ ಮೇಲೆ ಜಾತ್ರೆಗಳ ಸಾಲು, ಸಾಧ್ಯವಾದರೆ ಒಂದಕ್ಕೆ ಹೋಗಿ ಕೂತು ನೋಡಿ. ಎರಡೂ ಮೇಳ ಸಮನಾಗಿ ಕೇಳುವಂತೆ ನಡುವೆ ಕೂತುಕೊಳ್ಳಿ, ಮೆಚ್ಚಿದರೆ ಆಯಾರ ಮಾಡಿ, ಮಂಗಳ ಹಾಡುವ ತನಕ ಏಳಬೇಡಿ. ತುಂಬಿಕೊಳ್ಳುವುದಾದರೆ ಮೇಳದವರನ್ನು ಒಂದು ಮಾತು ಕೇಳಿ.

ಮನೆಯಲ್ಲಿ ಅಜ್ಜನ ಕಾಲದ ಕ್ಯಾಸೆಟ್ಟು ಬಿದ್ದಿದ್ದರೆ ಇವತ್ತೇ ಕಂಪ್ಯೂಟರಿಗೆ ಇಳಿಸುವ ಕೆಲಸ ಹಿಡಿಯಿರಿ, ಟೇಪಿಗೆ ಬೂಸ್ಟು ಹಿಡಿದರೆ ಕಥೆ ಮುಗಿಯಿತು. ಮೊದಲು ಬೆರಳಿನಿಂದಲೋ ಪೆನ್ಸಿಲಿನಿಂದಲೋ ಚಕ್ರ ತಿರುವಿ ಟೇಪು ಅಂಟಿಕೊಂಡಿಲ್ಲವೆಂದು ನೋಡಿ, ಪ್ಲೇಯರಿನ ಹೆಡ್ಡು ಒರೆಸಿ, ಎರಡೂ ಬದಿ ಪೂರ್ತಿ ಓಡಿಸಿ. ಗೊರಗೊರ ತೆಗೆಯುವ ಸಾಫ್ಟ್‌ವೇರಿಗೆ ಕೈ ಹಾಕಬೇಡಿ, ಅದು ತುಂತುಣಿಯ ಝೇಂಕಾರವನ್ನೂ ಕಸವೆಂದು ಗುಡಿಸುತ್ತದೆ. ವೇಗ ತಿದ್ದುವುದಾದರೆ ಬೇರೆ ಪ್ರತಿಯಲ್ಲಿ ತಿದ್ದಿ, ಮೂಲ ಹಾಗೇ ಇರಲಿ. ಆಯಾರದ ಹೆಸರುಗಳನ್ನು ಕತ್ತರಿಸಬೇಡಿ. ಕ್ಯಾಸೆಟ್ಟಿನ ಚೀಟಿಯ ಮೇಲೆ ಬಾಲ್‌ಪೆನ್ನಿನಲ್ಲಿ ಗೀಚಿದ ಊರು, ಮೇಳ, ಜಾತ್ರೆ, ಇಸವಿ ಏನಿದ್ದರೂ ಫೋಟೋ ತೆಗೆದು ಫೈಲಿನ ಜೊತೆಗೇ ಇಡಿ. ಚೀಟಿ ಖಾಲಿಯಿದ್ದರೆ ಮನೆಯ ಹಿರಿಯರನ್ನು ಕೂರಿಸಿ ಕೇಳಿಸಿ. ದನಿ ಕೇಳಿದ ಕೂಡಲೇ ಹಲವರು ಮೇಳದ ಹೆಸರು ಹೇಳಿಬಿಡುತ್ತಾರೆ, ಮತ್ತೆ ಅಂದು ಗೆದ್ದವರು ಯಾರೆಂದು ತಮ್ಮತಮ್ಮಲ್ಲೇ ಕಚ್ಚಾಡಲು ಶುರು ಮಾಡುತ್ತಾರೆ. ಅದನ್ನೂ ತುಂಬಿಕೊಳ್ಳಿ.