ಹೈದರಾಬಾದಿನ ಇಬ್ಬರು ಪ್ರಧಾನಿಗಳ ಆತ್ಮಕಥನಗಳು: ಒಂದು ವಿಮರ್ಶೆ

ಸಂಸ್ಥಾನಗಳ ವಿಲೀನದ ಚರಿತ್ರೆಯನ್ನು ಬರೆಯುವವರು ಹೈದರಾಬಾದಿನ ಪ್ರಸಂಗಕ್ಕೆ ಬಂದೊಡನೆ ಎರಡು ಗ್ರಂಥಗಳನ್ನು ಎದುರುಬದುರಾಗಿ ನಿಲ್ಲಿಸುವುದು ವಾಡಿಕೆ. ಒಂದು, ಸರ್ ಮಿರ್ಜಾ ಇಸ್ಮಾಯಿಲರು ೧೯೫೪ರಲ್ಲಿ ಪ್ರಕಟಿಸಿದ ‘ಮೈ ಪಬ್ಲಿಕ್ ಲೈಫ್’. ಇನ್ನೊಂದು, ಮೀರ್ ಲಾಯಕ್ ಅಲಿಯವರು ೧೯೬೨ರಲ್ಲಿ ಕರಾಚಿಯಿಂದ ಹೊರತಂದ ‘ಟ್ರಾಜೆಡಿ ಆಫ್ ಹೈದರಾಬಾದ್’. ಮೊದಲನೆಯವರು ರಾಷ್ಟ್ರೀಯವಾದಿಗಳು, ಎರಡನೆಯವರು ಪಾಕಿಸ್ತಾನದ ಪಕ್ಷಪಾತಿಗಳು ಎಂದು ವಿಭಾಗಿಸಿ, ಒಬ್ಬರ ಮಾತನ್ನು ಪ್ರಮಾಣವೆಂದೂ ಇನ್ನೊಬ್ಬರದನ್ನು ಕೇವಲ ಸಮರ್ಥನೆಯೆಂದೂ ಎಣಿಸುವುದು ಸುಲಭ. ಈ ಸುಲಭಮಾರ್ಗವನ್ನು ನಾವು ಒಪ್ಪಲಾರೆವು.

ಭಿನ್ನತೆ ಇಲ್ಲವೆಂದಲ್ಲ. ಕುದುರೆ ವ್ಯಾಪಾರಕ್ಕಾಗಿ ಪರ್ಷಿಯಾದಿಂದ ಬೆಂಗಳೂರಿಗೆ ಬಂದು ನೆಲೆಸಿದ ಆಗಾ ಅಲಿ ಅಸ್ಕರರ ಮನೆತನದ ಮಿರ್ಜಾ ಅವರು ೧೯೨೬ರಿಂದ ೧೯೪೧ರವರೆಗೆ ಮೈಸೂರಿನ ದಿವಾನರಾಗಿದ್ದರು. ಜಯಪುರದಲ್ಲಿ ಸೇವೆ ಸಲ್ಲಿಸಿ ೧೯೪೬ರಲ್ಲಿ ಹೈದರಾಬಾದಿಗೆ ಹೋದಾಗ ಜಿನ್ನಾ ಅವರಿಗೆ ಆ ನೇಮಕ ಸಮ್ಮತವಾಗಿರಲಿಲ್ಲ. ಇತ್ತೆಹಾದುಲ್ ಮುಸ್ಲಿಮೀನ್ ಪಕ್ಷದ ಹಗೆತನವನ್ನು ಎದುರಿಸಿ, ವರ್ಷ ತುಂಬುವ ಮುನ್ನವೇ, ೧೯೪೭ರ ಮೇ ತಿಂಗಳಲ್ಲಿ, ಅವರು ಅಧಿಕಾರ ಬಿಟ್ಟರು. ಛತಾರಿಯ ನವಾಬರ ತರುವಾಯ ಅದೇ ಪೀಠವೇರಿದ ಲಾಯಕ್ ಅಲಿಯವರಾದರೋ ಅದಕ್ಕೆ ಮೊದಲು ವಿಶ್ವಸಂಸ್ಥೆಯಲ್ಲಿ ಪಾಕಿಸ್ತಾನದ ಪರವಾಗಿ ಕುಳಿತಿದ್ದವರು.

ಆದರೂ ಇಬ್ಬರದೂ ಒಂದೇ ಆಡಳಿತದ ಮನೋಧರ್ಮ. ಕಳಸ, ಬಾಳೆಹೊನ್ನೂರುಗಳನ್ನು ಬಳಸಿ ನಮ್ಮ ಕಾಫಿಯ ಮಲೆಗಳಿಂದ ಇಳಿದುಹೋಗುವ ಭದ್ರಾನದಿಯ ದಡದಲ್ಲಿ, ಭದ್ರಾವತಿಯಲ್ಲಿ, ಮೈಸೂರು ಕಾಗದದ ಕಾರ್ಖಾನೆ ಸ್ಥಾಪಿತವಾದದ್ದು ಮಿರ್ಜಾ ಅವರ ದಿವಾನಗಿರಿಯಲ್ಲಿ, ೧೯೩೬ರಲ್ಲಿ. ಲಾಯಕ್ ಅಲಿಯವರೂ ಸಿರ್ಪುರದ ಕಾಗದದ ಉದ್ಯಮದಲ್ಲಿ ಪಳಗಿದ ಎಂಜಿನಿಯರರು. ರಾಜ್ಯವೆಂದರೆ ಸಮರ್ಥರ ಕೈಯಲ್ಲಿ ನಡೆಯತಕ್ಕ ಯಂತ್ರವೆಂಬ ನಂಬಿಕೆ ಇಬ್ಬರಲ್ಲಿಯೂ ಕಾಣುತ್ತದೆ. ಪ್ರಜೆಗಳ ಕೂಗು ಅಂಥವರ ಕಿವಿಗೆ ತಡವಾಗಿ ತಲಪುತ್ತದೆ. ೧೯೩೮ರ ಏಪ್ರಿಲಿನಲ್ಲಿ ವಿದುರಾಶ್ವತ್ಥದಲ್ಲಿ ಗುಂಡು ಹಾರಿದ್ದು ಮಿರ್ಜಾ ಅವರ ಆಳ್ವಿಕೆಯಲ್ಲಿಯೇ ಎಂಬುದನ್ನು ಆತ್ಮಕಥನದ ಸೌಮ್ಯವಾದ ಶೈಲಿ ನಮಗೆ ಮರೆಸಕೂಡದು.

ಲಾಯಕ್ ಅಲಿಯವರ ಗ್ರಂಥವನ್ನು ತಳ್ಳಿಹಾಕುವುದೂ ತಪ್ಪೇ. ೧೯೪೭ರ ನವೆಂಬರಿನ ಯಥಾಸ್ಥಿತಿ ಒಪ್ಪಂದದಿಂದ ಮುಂದಿನ ಪತನದವರೆಗೆ ನಿಜಾಮರ ಮಂತ್ರಾಲೋಚನೆಯ ಒಳಗಿನಿಂದ ಬರೆದ ಇಂಥ ಸಾಕ್ಷ್ಯಗಳು ವಿರಳ. ಆದರೆ ಗೃಹಬಂಧನದಿಂದ ತಪ್ಪಿಸಿಕೊಂಡು ೧೯೫೦ರಲ್ಲಿ ಪಾಕಿಸ್ತಾನ ಸೇರಿದವರು, ಅಲ್ಲಿಯ ಓದುಗರಿಗೆ ಬರೆದದ್ದು ಅದು. ಭಾರತದ ಸೇನೆ ಪ್ರವೇಶಿಸಿದ್ದು ೧೯೪೮ರ ಸೆಪ್ಟೆಂಬರ್ ೧೩ರಂದು. ಜಿನ್ನಾ ಅವರು ತೀರಿಕೊಂಡದ್ದು ಅದಕ್ಕೆ ಎರಡು ದಿನಗಳ ಮೊದಲು. ಕರಾಚಿಯಿಂದ ಒದಗಬಹುದಾಗಿದ್ದ ನೆರವಿನ ನಿಜವಾದ ಅಳತೆಯನ್ನು ಕಥನದಿಂದಲ್ಲ, ಲೆಕ್ಕಪತ್ರಗಳಿಂದ ತಿಳಿಯಬೇಕು. ಪಾಕಿಸ್ತಾನಕ್ಕೆ ೨೦ ಕೋಟಿ ರೂಪಾಯಿಗಳ ಸಾಲಪತ್ರಗಳನ್ನು ಕೊಟ್ಟದ್ದು ಹೈದರಾಬಾದೇ. ಸಂಸ್ಥಾನದ ಪತನವಾದ ಮೇಲೆ ಸೆಪ್ಟೆಂಬರ್ ೨೦ರಂದು ಲಂಡನ್ನಿನಲ್ಲಿ ಪಾಕಿಸ್ತಾನದ ಹೈಕಮಿಷನರ್ ಹಬೀಬ್ ಇಬ್ರಾಹಿಂ ರಹಿಮ್ತೂಲಾ ಅವರ ಖಾತೆಗೆ ಹತ್ತು ಲಕ್ಷ ಪೌಂಡಿಗಿಂತ ತುಸು ಹೆಚ್ಚು ಹಣ ವರ್ಗವಾಯಿತು. ಅದು ಪಾಕಿಸ್ತಾನಕ್ಕೆ ಸಲ್ಲದೆಂದು ಅಲ್ಲಿಯ ಹೈಕೋರ್ಟು ತೀರ್ಪಿತ್ತದ್ದು ೨೦೧೯ರಲ್ಲಿ!

ಕನ್ನಡಿಗರಾದ ನಮಗೆ ಇವೆರಡೂ ಗ್ರಂಥಗಳಿಂದ ಆಗುವ ದೊಡ್ಡ ನಿರಾಶೆ ಬೇರೆಯದು. ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗನಿಗೆ ಆಗ ಏನಾಯಿತೆಂದು ಕೇಳಿದರೆ ತೃಪ್ತಿಕರವಾದ ಉತ್ತರ ಎರಡರಲ್ಲಿಯೂ ದೊರೆಯದು. ಎರಡರ ದೃಷ್ಟಿಯೂ ಅರಮನೆ ಮತ್ತು ಸಂಧಾನದ ಮೇಜಿನ ಮೇಲೆ ನೆಟ್ಟಿದೆ. ಬೀದರ ಜಿಲ್ಲೆಯ ಗೋರ್ಟಾದಲ್ಲಿ ೧೯೪೮ರ ಮೇ ತಿಂಗಳಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ಬಲ್ಲವರಿಗೆ ಲಾಯಕ್ ಅಲಿಯವರ ದುಃಖಕಥೆ ಅಪೂರ್ಣವೆನಿಸದೆ ಇರದು. ಸೈನ್ಯದ ಪ್ರವೇಶದ ಅನಂತರ ಮುಸಲ್ಮಾನರ ಮೇಲೆ ನಡೆದ ಹಿಂಸೆಯನ್ನು ಅರಿಯದೆ ‘ವಿಮೋಚನೆ’ಯನ್ನಷ್ಟೇ ಬರೆಯುವ ನಮ್ಮ ಪಠ್ಯಗಳೂ ಅಷ್ಟೇ ಅಪೂರ್ಣ. ಪಂಡಿತ ಸುಂದರಲಾಲರ ಸಮಿತಿ ೧೯೪೮ರ ನವೆಂಬರ್–ಡಿಸೆಂಬರಿನಲ್ಲಿ ೧೬ ಜಿಲ್ಲೆಗಳ ಪೈಕಿ ೯ರಲ್ಲಿ ಸಂಚರಿಸಿ, ೧೦೯ ಗ್ರಾಮಗಳ ೫೦೦ಕ್ಕೂ ಮಿಕ್ಕ ಜನರನ್ನು ವಿಚಾರಿಸಿ, ಸಂಸ್ಥಾನದಲ್ಲಿ ಒಟ್ಟು ೨೭,೦೦೦ದಿಂದ ೪೦,೦೦೦ ಜನ ಸತ್ತಿರಬಹುದೆಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರಗಳೆರಡೂ ಸೇರಿವೆ. ಆ ವರದಿ ದಶಕಗಳ ಕಾಲ ಸಾರ್ವಜನಿಕರ ಕೈಗೆ ಸಿಗಲಿಲ್ಲ. ಅದರ ಅಂಕಿಗಳೂ ಅಂದಾಜುಗಳೇ, ವಾದಗ್ರಸ್ತವೇ. ಆದರೆ ಊರೂರಿಗೆ ಹೋಗಿ ಬಾಯಿಂದ ಕೇಳಿ ಬರೆದ ಆ ಕೆಲವು ಪುಟಗಳನ್ನು ಬದಿಗಿಟ್ಟುಕೊಂಡು ಓದಿದಾಗಲೇ ಈ ಇಬ್ಬರು ಪ್ರಧಾನಿಗಳು ಯಾವ ಯಾವ ಸ್ಥಳಗಳಲ್ಲಿ ಮೌನ ವಹಿಸಿದ್ದಾರೆಂಬುದು ಕಾಣತೊಡಗುತ್ತದೆ.