ಹೆತ್ತವರ ಗಾಯವೂ ಮಕ್ಕಳ ಬಾಧ್ಯತೆಯೂ

ತಂದೆತಾಯಿಗಳನ್ನು ಗೌರವಿಸಬೇಕೆಂಬ ದೇವಾಜ್ಞೆಯನ್ನು ಬೋಧಿಸುವುದು ಸುಲಭ. ತಂದೆಗೆ ಹೆದರುತ್ತಲೇ ಬೆಳೆದ ಮಗಳಿಗೆ ಅದನ್ನು ಬೋಧಿಸುವುದು ಕಷ್ಟ. ವಿಯೆಟ್ನಾಂನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಥಿ ಬುಯಿ ಅವರ ಸಚಿತ್ರ ಆತ್ಮಕಥನ ‘ದಿ ಬೆಸ್ಟ್ ವಿ ಕುಡ್ ಡೂ’ (2017) ಈ ಕಷ್ಟವನ್ನು ನಮ್ಮ ಮುಂದಿಡುತ್ತದೆ.

1978ರಲ್ಲಿ ಈ ಕುಟುಂಬ ದೋಣಿಯೇರಿ ಸ್ವದೇಶವನ್ನು ತೊರೆಯಿತು. ತಾಯಿ ಆಗ ತುಂಬು ಗರ್ಭಿಣಿ. ಮಗು ಹುಟ್ಟಿದ್ದು ಮಲೇಷ್ಯಾದ ನಿರಾಶ್ರಿತರ ಶಿಬಿರದಲ್ಲಿ. ಮುಂದೆ ಅಮೆರಿಕದಲ್ಲಿ ತಾಯಿ ದುಡಿಯಲು ಹೋದಾಗ, ಮಕ್ಕಳು ಮಂಕು ಬೆಳಕಿನ ಮನೆಯಲ್ಲಿ ತಂದೆಯ ಸಿಗರೇಟಿನ ಹೊಗೆ ಹಾಗೂ ದೆವ್ವದ ಕಥೆಗಳ ನಡುವೆ ದಿನಗಳೆದರು. ಸ್ವತಃ ತಾಯಿಯಾದ ಮೇಲೆ ಲೇಖಕಿ ಆ ಕತ್ತಲೆಯ ಮೂಲವನ್ನು ಅರಸುತ್ತಾರೆ. ಅಲ್ಲಿ ಅವರು ಕಾಣುವುದು 1945ರ ಕ್ಷಾಮವನ್ನು ಕಂಡ, ತಾಯಿಯಿಂದ ಅಗಲಿದ, ಫ್ರೆಂಚ್ ಸೈನಿಕರಿಗೆ ಹೆದರಿ ನೆಲದಡಿ ಅಡಗಿದ ಒಬ್ಬ ಬಾಲಕನನ್ನು. 1954ರಲ್ಲಿ ದೇಶ ಇಬ್ಭಾಗವಾದಾಗ ಅವನು ದಕ್ಷಿಣಕ್ಕೆ ಹೊರಟನು. ವಿಯೆಟ್ ಮಿನ್ ಸೇರಿದ್ದ ಅವನ ತಂದೆ ಉತ್ತರದಲ್ಲೇ ಉಳಿದರು.

ಇಷ್ಟನ್ನು ಅರಿತರೂ ಲೇಖಕಿ ತಂದೆಯನ್ನು ದೋಷಮುಕ್ತಗೊಳಿಸುವುದಿಲ್ಲ. ಕೃತಿಯ ನೈತಿಕ ಪ್ರಾಮಾಣಿಕತೆ ಇರುವುದು ಇಲ್ಲಿಯೇ. ಕಾರಣವನ್ನು ತಿಳಿಯುವುದು ಒಂದು, ತಪ್ಪನ್ನು ಮನ್ನಿಸುವುದು ಇನ್ನೊಂದು. ಯೆಜೆಕಿಯೇಲನ ಹದಿನೆಂಟನೆಯ ಅಧ್ಯಾಯ ತಂದೆಯ ದೋಷವನ್ನು ಮಗನ ಮೇಲೆ ಹೊರಿಸುವುದನ್ನು ತಳ್ಳಿಹಾಕುತ್ತದೆ. ಆದರೆ ದೋಷ ದಾಟಿ ಬರದಿದ್ದರೂ ಭಯ ದಾಟಿ ಬರುತ್ತದೆ ಎಂಬುದನ್ನು ಕಪ್ಪು ಶಾಯಿ ಮತ್ತು ಇಟ್ಟಿಗೆಗೆಂಪಿನ ಈ ಚಿತ್ರಗಳು ತೋರಿಸುತ್ತವೆ.

ಕೃತಿಯ ಮುಕ್ತಾಯದ ಬಗ್ಗೆ ಮಾತ್ರ ನನ್ನ ತಕರಾರಿದೆ. ನೀರಿನಲ್ಲಿ ಈಜುವ ಮಗನಲ್ಲಿ ಲೇಖಕಿ ಯುದ್ಧದ ಹೊರೆಯಿಲ್ಲದ ಸ್ವಾತಂತ್ರ್ಯವನ್ನು ಕಾಣುತ್ತಾರೆ. ತಾಯಿಯೊಬ್ಬಳ ಈ ಹಂಬಲ ಸಹಜವಾದುದು. ಆದರೂ ಪುನರುತ್ಥಾನರಾದ ಪ್ರಭು ತೋಮನಿಗೆ ತೋರಿಸಿದ್ದು ಗಾಯದ ಗುರುತುಗಳುಳ್ಳ ದೇಹವನ್ನೇ. ಕ್ರೈಸ್ತ ನಂಬಿಕೆಯಲ್ಲಿ ಬಿಡುಗಡೆಗೆ ಮರೆವಿನ ಅಗತ್ಯವಿಲ್ಲ. ಆ ಮಗ ಒಂದು ದಿನ ಈ ಪುಸ್ತಕವನ್ನು ಓದಿ ಅಜ್ಜನನ್ನು ಅರಿತರೆ, ಆ ಅರಿವೂ ಅವನ ಸ್ವಾತಂತ್ರ್ಯದ ಭಾಗವೇ ಆದೀತು.

ಪಾಪನಿವೇದನೆಯನ್ನು ಆಲಿಸುವ ಗುರುಗಳಿಗೂ, ಅದಕ್ಕಾಗಿ ಸಿದ್ಧರಾಗುತ್ತಿರುವ ಗುರು ಅಭ್ಯರ್ಥಿಗಳಿಗೂ ಈ ಕೃತಿ ಒಂದು ಶಿಸ್ತನ್ನು ಕಲಿಸುತ್ತದೆ. ಹೆತ್ತವರಿಂದ ನೊಂದವರಿಗೆ ‘ಕ್ಷಮಿಸಿಬಿಡು’ ಎಂದು ಅವಸರದಿಂದ ಹೇಳಬಾರದು. ಮೊದಲು ಅವರ ಮಾತು ಪೂರ್ಣವಾಗಲಿ; ಹೆತ್ತವರ ಕಥೆಯನ್ನು ಕೇಳುವ ಧೈರ್ಯ ಅವರಲ್ಲಿ ಮೂಡಲಿ. ಗೌರವದ ಆಜ್ಞೆಗೆ ಸತ್ಯವೇ ತಳಹದಿಯಾಗಬೇಕು.