ಮುಚ್ಚಳದ ಕೀರ್ತಿ

ನಾಯಿ, ಬೆಕ್ಕು ಎರಡನ್ನೂ ಸಾಕಿದವರು ಯಾರನ್ನೇ ಕೇಳಲಿ, ಸಿಗುವ ಮೊದಲ ಸಲಹೆ ಒಂದೇ: ಮುಚ್ಚಳವಿರುವ ಲಿಟರ್ ಬಾಕ್ಸ್ ತಂದಿಡಿ. ಗುಮ್ಮಟದ್ದು, ತೂಗುಬಾಗಿಲಿನದು, ನೆತ್ತಿಯಲ್ಲಿ ತೂತಿರುವುದು, ಹೀಗೆ ಅದರಲ್ಲೂ ಹಲವು ಬಗೆ. ಬೆಕ್ಕಿನ ಮಲಕ್ಕೆ ಬಾಯಿಹಾಕುವ ನಾಯಿಯ ಕಾಟಕ್ಕೆ ಇದೇ ಮದ್ದು ಎಂಬ ಮಾತು ಬೆಂಗಳೂರಿನ ಪೆಟ್ ಶಾಪಿನಿಂದ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನವರೆಗೂ ಹಬ್ಬಿದೆ. ಮುಚ್ಚಳ ಈ ಕೀರ್ತಿಗೆ ಯೋಗ್ಯವಲ್ಲ. ನಾಯಿಯನ್ನು ಅರೆಬರೆ ತಡೆದು, ಬೆಕ್ಕನ್ನು ಇಕ್ಕಟ್ಟಿಗೆ ಸಿಕ್ಕಿಸುವ ಸಾಧನ ಅದು.

ನಾಯಿಗೆ ಬೆಕ್ಕಿನ ತಟ್ಟೆಯ ಮೇಲೂ ಟ್ರೇಯ ಮೇಲೂ ಯಾಕಿಷ್ಟು ಆಸೆ ಎಂಬುದು ಸಾಕಿದವರಿಗೆ ಗೊತ್ತೇ ಇದೆ. ಬೆಕ್ಕು ಮಾಂಸವಿಲ್ಲದೆ ಬದುಕದ ಪ್ರಾಣಿ. ಅಮೆರಿಕದ ಪಶು ಆಹಾರ ನಿಯಂತ್ರಕರ ಸಂಘವಾದ ಆಫ್ಕೋದ ಮಾನದಂಡದ ಪ್ರಕಾರ ವಯಸ್ಕ ಬೆಕ್ಕಿನ ಆಹಾರದ ಒಣತೂಕದಲ್ಲಿ ಕನಿಷ್ಠ ಶೇ. 26 ಪ್ರೋಟೀನು ಇರಬೇಕು; ನಾಯಿಗೆ ಶೇ. 18 ಸಾಕು. ಕೊಬ್ಬೂ ಬೆಕ್ಕಿಗೇ ಹೆಚ್ಚು. ಅದರ ವಾಸನೆ ತಟ್ಟೆಯಲ್ಲಿ ಮಾತ್ರವಲ್ಲ, ಹೊಟ್ಟೆ ದಾಟಿ ಬಂದದ್ದರಲ್ಲೂ ಉಳಿದಿರುತ್ತದೆ. ತಿಂದ ನಾಯಿಗೆ ಜಂತು, ಜಿಯಾರ್ಡಿಯ ತಗಲಬಹುದು. ಟ್ರೇಗೆ ತುಂಬುವ, ಗಟ್ಟಿಕಟ್ಟುವ ಬೆಂಟೊನೈಟ್ ಮಣ್ಣು ಕರುಳಲ್ಲಿ ಸಿಕ್ಕಿಕೊಳ್ಳಬಹುದು. ಕೊಬ್ಬಿನೂಟ ಅತಿಯಾದರೆ ಮೇದೋಜೀರಕ ಗ್ರಂಥಿ ಉರಿಯೂತಕ್ಕೆ ಈಡಾಗಬಹುದು. ತಡೆಯಬೇಕು ಎನ್ನುವುದರಲ್ಲಿ ತಕರಾರಿಲ್ಲ. ತಡೆ ಎಲ್ಲಿ ನಿಲ್ಲಬೇಕು ಎನ್ನುವುದೇ ಪ್ರಶ್ನೆ.

ಬೆಕ್ಕು ಬಾಕ್ಸಿನೊಳಗೆ ಹೊಕ್ಕ ಮೇಲೆ ಏನೇನು ಮಾಡುತ್ತದೆ ಎಂಬುದನ್ನು ನಿಧಾನವಾಗಿ ನೋಡಿ. ಮೂಸುತ್ತದೆ, ಕೆರೆಯುತ್ತದೆ, ಒಂದು ಸುತ್ತು ತಿರುಗಿ ಜಾಗ ಹಿಡಿಯುತ್ತದೆ, ಕೂರುತ್ತದೆ. ಆ ಹೊತ್ತಿನಲ್ಲಿ ಓಡುವುದಾಗಲಿ, ಪಂಜ ಬೀಸುವುದಾಗಲಿ ಸುಲಭವಲ್ಲ. ತೆರೆದ ಟ್ರೇಯಲ್ಲಿದ್ದರೆ ಕತ್ತು ಎತ್ತಿದರೆ ಸಾಕು, ಕೋಣೆಯೆಲ್ಲ ಕಣ್ಣಳತೆಯಲ್ಲಿ. ಯಾವ ಕಡೆಗೆ ಬೇಕಾದರೂ ಜಿಗಿಯಬಹುದು. ಗುಮ್ಮಟದೊಳಗೆ ದಾರಿ ಒಂದೇ. ಆ ದಾರಿಗೆ ತೂಗುಬಾಗಿಲು ಇದ್ದರೆ ಹೊರಗಿನದು ಕಾಣುವುದೂ ಇಲ್ಲ. ಬಾಕ್ಸನ್ನು ಗೋಡೆಗೆ ಮುಖಮಾಡಿ ಇಡಿ, ಆಗ ನಾಯಿಯ ಮೂತಿ ತೂರುವುದಿಲ್ಲ ಎಂಬ ಬುದ್ಧಿವಾದವೂ ಉಂಟು. ಹಾಗಿಟ್ಟರೆ ಬೆಕ್ಕಿಗೆ ಉಳಿಯುವುದು ಗೋಡೆಗಂಟಿದ ಓಣಿ. ಮಣ್ಣು ಕೆರೆಯುವ ಸದ್ದಿಗೆ ನಾಯಿ ಎದ್ದು ಬಂದಿರುತ್ತದೆ. ಬೆಕ್ಕು ತಲೆ ಹೊರಹಾಕುವ ಕ್ಷಣದಲ್ಲಿ ಎರಡೂ ಮುಖಾಮುಖಿ. ಆ ನಾಯಿ ಕಚ್ಚುವ ಜಾತಿಯದೇ ಆಗಬೇಕಿಲ್ಲ. ಆಟವಾಡಲು ಕಾದು ನಿಂತ ಬೀಗಲ್ ಸಾಕು. ಎರಡು ಮೂರು ಸಲ ಹೀಗಾದರೆ ಬೆಕ್ಕು ಸೋಫಾದ ಹಿಂಬದಿಯನ್ನೋ ಹಾಸಿಗೆಯನ್ನೋ ಹುಡುಕಿಕೊಳ್ಳುತ್ತದೆ. ಮನೆಯವರು ಅದನ್ನು ಹಟಮಾರಿ ಎಂದು ಬೈಯುತ್ತಾರೆ.

ನೆತ್ತಿಯ ತೂತಿನ ಬಾಕ್ಸಿಗೂ ಇದೇ ಮಾತು. ಹೊರಬರಲು ಬೆಕ್ಕು ಇದ್ದಲ್ಲಿಂದ ನೇರ ಮೇಲಕ್ಕೆ ನೆಗೆಯಬೇಕು. ಎಳೆಯ ಬೆಕ್ಕಿಗೆ ಕಷ್ಟವಲ್ಲ. ಆದರೆ 12 ವರ್ಷ ದಾಟಿದ ನೂರು ಬೆಕ್ಕುಗಳ ಎಕ್ಸ್-ರೇ ನೋಡಿದ 2002ರ ಅಮೆರಿಕದ ಅಧ್ಯಯನವೊಂದರಲ್ಲಿ ಶೇ. 90ರಷ್ಟರಲ್ಲಿ ಕೀಲು ಸವೆತದ ಗುರುತಿತ್ತು. ಮುದಿ ಬೆಕ್ಕು ನೋವನ್ನು ಹೇಳಿಕೊಳ್ಳುವುದಿಲ್ಲ, ಬಾಕ್ಸಿಗೆ ಹೋಗುವುದನ್ನು ಬಿಡುತ್ತದೆ.

ಇನ್ನು ವಾಸನೆ. ಮುಚ್ಚಳದಿಂದ ತಪ್ಪುವುದು ಮನುಷ್ಯರ ಮೂಗಿಗೆ ಮಾತ್ರ. ನಾಯಿಯ ಮೂಗಿಗೆ ಅದು ಏನನ್ನೂ ಮರೆಮಾಚುವುದಿಲ್ಲ. ನಮಗೆ ನಾತ ಬರದಿದ್ದರೆ ಶುಚಿ ಮಾಡುವುದು ನಾಳೆಗೆ ಬೀಳುತ್ತದೆ, ಒಳಗೆ ಅಮೋನಿಯ ಕಟ್ಟುತ್ತದೆ. 1947ರಲ್ಲಿ ಅಮೆರಿಕದ ಎಡ್ ಲೋ ಹೀರುವ ಜೇಡಿಮಣ್ಣನ್ನು ಚೀಲಕ್ಕೆ ತುಂಬಿ ಮಾರತೊಡಗಿದಾಗಲೂ ಗೆದ್ದದ್ದು ಮನೆಯೊಡತಿಯರ ಅನುಕೂಲವೇ. ಆದರೆ ಆ ಮಣ್ಣು ಬೆಕ್ಕಿಗೂ ಒಪ್ಪಿಗೆಯಾಯಿತು. ಮುಚ್ಚಳದಲ್ಲಿ ಅಂಥ ಹೊಂದಾಣಿಕೆ ಇಲ್ಲ.

ಇಷ್ಟು ಹೇಳಿದರೆ ಬರುವ ಪ್ರತಿವಾದ ನನಗೆ ಬಾಯಿಪಾಠವಾಗಿದೆ: 2013ರ ಅಧ್ಯಯನ. 27 ಬೆಕ್ಕುಗಳ ಮುಂದೆ ಮುಚ್ಚಿದ್ದು, ತೆರೆದದ್ದು ಎರಡನ್ನೂ ಇಟ್ಟು ನೋಡಿದರು. 19 ಬೆಕ್ಕುಗಳು ಭೇದ ಮಾಡಲಿಲ್ಲ. ನಾಲ್ಕು ಮುಚ್ಚಿದ್ದನ್ನು, ನಾಲ್ಕು ತೆರೆದದ್ದನ್ನು ಮೆಚ್ಚಿದವು. ಅಲ್ಲಿಗೆ ಮುಚ್ಚಳ ನಿರ್ದೋಷಿ ಎಂದು ಸಾರಿಬಿಟ್ಟವರು ಬಹಳ. ಅಧ್ಯಯನದ ಮೇಲೆ ನನಗೆ ಆಕ್ಷೇಪವಿಲ್ಲ, ಅದನ್ನು ಓದಿದ ರೀತಿಯ ಮೇಲಿದೆ. ಅಲ್ಲಿ ಬಾಕ್ಸುಗಳು ಪ್ರತಿದಿನ ಶುಚಿಯಾಗುತ್ತಿದ್ದವು, ಬೆಕ್ಕಿಗೆ ಆಯ್ಕೆಯಿತ್ತು. ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಇರುವುದು ಒಂದೇ ಬಾಕ್ಸು. ಎಲ್ಲಕ್ಕಿಂತ ಮಿಗಿಲಾಗಿ, ಹೊರಗೆ ನಾಯಿ ಕಾದಿದ್ದರೆ ಬೆಕ್ಕು ಏನು ಮಾಡುತ್ತದೆ ಎಂಬುದು ಆ ಅಧ್ಯಯನ ಕೇಳಿದ ಪ್ರಶ್ನೆಯೇ ಅಲ್ಲ. ಕೇಳದ ಪ್ರಶ್ನೆಗೆ ಅದರಿಂದ ಉತ್ತರ ಹಿಂಡುವುದು ಅನ್ಯಾಯ. ನಾಲ್ಕು ಬೆಕ್ಕುಗಳಿಗೆ ಮುಚ್ಚಳ ಇಷ್ಟವಾಯಿತು ಎಂಬುದನ್ನು ಒಪ್ಪುತ್ತೇನೆ. ಅಂಥ ಬೆಕ್ಕಿನ ಮನೆಯಲ್ಲಿ ಅದು ಇರಲಿ, ನಾಯಿ ಕಾಲಿಡದ ಕೋಣೆಯಲ್ಲಿ.

ಇದೇ ವಾದಿಗಳು ಅದೇ 2013ರಲ್ಲಿ ಬೆಕ್ಕಿನ ವೈದ್ಯರ ಎರಡು ಸಂಘಟನೆಗಳು, ಎಎಎಫ್‌ಪಿ ಮತ್ತು ಐಎಸ್‌ಎಫ್‌ಎಂ, ಒಟ್ಟಾಗಿ ತಂದ ಮಾರ್ಗಸೂಚಿಯನ್ನು ನೆನೆಯುವುದಿಲ್ಲ. ಬೆಕ್ಕಿಗೆ ನಿರ್ಭಯದ ತಾಣ ಬೇಕು. ಊಟ, ನೀರು, ಶೌಚ, ಮಲಗುವ ಜಾಗ ಬೇರೆಬೇರೆ ಇರಬೇಕು ಎಂಬುದು ಅದರ ಅಡಿಗಲ್ಲು. ಮರುವರ್ಷದ ಮಾರ್ಗಸೂಚಿ ಬಾಕ್ಸು ಬೆಕ್ಕಿನ ಮೈಯುದ್ದದ ಒಂದೂವರೆ ಪಟ್ಟು ಇರಲಿ ಎಂದಿತು. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಟೋನಿ ಬಫಿಂಗ್ಟನ್ ಮತ್ತು ಸಂಗಡಿಗರು ಬೆಕ್ಕಿನ ಮೂತ್ರಕೋಶದ ಉರಿಯೂತಕ್ಕೂ ಮನೆಯ ಒತ್ತಡಕ್ಕೂ ಇರುವ ನಂಟನ್ನು ವರ್ಷಗಟ್ಟಲೆ ಬೆನ್ನುಹತ್ತಿದರು. ಗಂಡು ಬೆಕ್ಕಿಗೆ ಮೂತ್ರ ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಜೀವಕ್ಕೆ ಸಂಚಕಾರ. ಶೌಚದ ಜಾಗದಲ್ಲಿ ಭಯ ಬಿತ್ತುವುದು ಸಣ್ಣ ವಿಷಯವಲ್ಲ.

ನಾಯಿಗೆ ತರಬೇತಿ ಕೊಟ್ಟರೆ ಮುಗಿಯಿತು ಎನ್ನುವವರೂ ಇದ್ದಾರೆ. 'ಬಿಡು' ಎಂಬ ಮಾತು ಕಲಿಸಲೇಬೇಕು. ಆದರೆ ಹೇಳುವವರು ಮನೆಯಲ್ಲಿ ಇರುವಾಗ ಮಾತ್ರ ಅದಕ್ಕೆ ಬಲ. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕಕ್ಕೊಂದರಲ್ಲಿ ಹಸಿವು ತಣಿಸುವ ಪಿಒಎಂಸಿ ಜೀನಿನ ತುಣುಕೊಂದು ಇಲ್ಲ ಎಂದು ಕೇಂಬ್ರಿಜ್‌ನ ಎಲೆನರ್ ರಾಫನ್ ತಂಡ 2016ರಲ್ಲಿ ತೋರಿಸಿತು. ಅಂಥ ನಾಯಿಯನ್ನು ತುಂಬಿದ ತಟ್ಟೆಯ ಪಕ್ಕ ಒಂಟಿ ಬಿಟ್ಟುಹೋಗಿ ವಿಧೇಯತೆ ಬಯಸುವುದು ನಾಯಿಗೂ ಕ್ರೂರ.

ಯಾರೂ ಹೊಗಳದ, ಹೊಗಳಬೇಕಾದ ಉಪಾಯ ಅರೆತೆರೆದ ಬಾಗಿಲು. ಕೋಣೆಯ ಬಾಗಿಲಿಗೆ ಕೊಂಡಿಯನ್ನೋ ಪಟ್ಟಿಯನ್ನೋ ಸಿಕ್ಕಿಸಿ, ಬೆಕ್ಕು ನುಸುಳುವಷ್ಟೇ ಸಂದು ಬಿಡುವುದು. ಅಥವಾ ಮಕ್ಕಳಿಗೆ ಹಾಕುವ ಗೇಟನ್ನು ನೆಲದಿಂದ ಒಂದು ಗೇಣು ಮೇಲೆ ಕಟ್ಟುವುದು. ಬೆಕ್ಕಿನ ಕೊರಳೆಲುಬು ಬೇರೆ ಮೂಳೆಗಳಿಗೆ ಅಂಟಿಕೊಂಡಿಲ್ಲ. ತಲೆ ತೂರಿದರೆ ಸಾಮಾನ್ಯವಾಗಿ ಮೈಯೂ ತೂರುತ್ತದೆ. ಇಲ್ಲಿ ಗಡಿ ಬಾಕ್ಸಿನಿಂದ ದೂರ ಸರಿಯುತ್ತದೆ. ಬಾಕ್ಸು ಅಗಲವಾಗಿ ತೆರೆದೇ ಇರಬಹುದು, ಬೆಕ್ಕು ಕೂತಲ್ಲಿಂದಲೇ ಬಾಗಿಲನ್ನು ನೋಡಬಹುದು, ನಾಯಿ ಬಂದು ನಿಂತರೂ ನಡುವೆ ಇಡೀ ಕೋಣೆ ಇರುತ್ತದೆ. ಅದೇ ಕೋಣೆಯ ಇನ್ನೊಂದು ಕೊನೆಯಲ್ಲಿ, ಎತ್ತರದಲ್ಲಿ, ಊಟ. ನಾಗಂದಿಗೆಯ ಮೇಲೆ ಬೆಕ್ಕಿಗೆ ಅನ್ನ ಹಾಕುತ್ತಿದ್ದ ಮನೆಗಳಿಗೆ ಇದು ಹೊಸದೇನಲ್ಲ. ವಯಸ್ಸಾದ ಬೆಕ್ಕಿಗೆ ನಡುವೆ ಒಂದು ಸ್ಟೂಲು ಇಟ್ಟರಾಯಿತು.

ತಟ್ಟೆಯ ಸಮಸ್ಯೆಯ ಅರ್ಧ ಭಾಗ ದಿನವಿಡೀ ತುಂಬಿಟ್ಟ ತಟ್ಟೆಯದೇ. ಹೊತ್ತುಹೊತ್ತಿಗೆ ಹಾಕಿ, ಉಳಿದದ್ದನ್ನು ಅರ್ಧ ಗಂಟೆಯಲ್ಲಿ ಎತ್ತಿಬಿಟ್ಟರೆ ಕದಿಯಲು ಏನೂ ಇರುವುದಿಲ್ಲ. ಬೆಕ್ಕಿನ ಮೈಯಲ್ಲಿರುವ ಚಿಪ್ ಗುರುತಿಸಿ ತೆರೆಯುವ ಯಂತ್ರದ ತಟ್ಟೆ, ಪಥ್ಯದ ಊಟವಿರುವ ಬೆಕ್ಕಿಗೆ ನಿಜಕ್ಕೂ ಒಳ್ಳೆಯದು. ಆದರೆ ಬೆಕ್ಕು ತಿನ್ನುವಾಗ ಅದು ತೆರೆದೇ ಇರುತ್ತದೆ. ನಾಯಿ ಪಕ್ಕದಿಂದ ನುಗ್ಗಿದರೆ ಬೆಕ್ಕು ಹಿಂದೆ ಸರಿಯುತ್ತದೆ. ಅದನ್ನೂ ಬಾಗಿಲಿನಾಚೆಗೇ ಇಡಬೇಕು.

ಅರೆಬಾಗಿಲು ಸೋಲುವುದು ಒಂದೇ ಕಡೆ. ಪೊಮೆರೇನಿಯನ್, ಡ್ಯಾಷುಂಡ್, ಶಿಟ್ಸು ಇರುವ ಮನೆಯಲ್ಲಿ ಬೆಕ್ಕು ತೂರುವ ಸಂದಿನಲ್ಲಿ ನಾಯಿಯೂ ತೂರಬಲ್ಲದು. ಅಲ್ಲಿ ದಾರಿಯನ್ನೇ ಎತ್ತರಿಸಬೇಕು: ನಾಯಿ ಹತ್ತಲಾಗದ ಎತ್ತರದಲ್ಲಿ ಕಿಂಡಿ, ಎರಡೂ ಬದಿಗೆ ಬೆಕ್ಕು ಕಾಲೂರಲು ಗೋಡೆಗೆ ಬಡಿದ ಕಿರುಹಲಗೆ. ಬಾಡಿಗೆ ಮನೆಯ ಬಾಗಿಲನ್ನು ಕೊರೆಯುವಂತಿಲ್ಲವಾದರೆ, ಬಾಗಿಲು ತೆರೆದಿಟ್ಟು ಚೌಕಟ್ಟಿನ ಅಳತೆಗೆ ಪ್ಲೈವುಡ್ ಕೊಯ್ಯಿಸಿ, ಅದರಲ್ಲೇ ಕಿಂಡಿ ಮಾಡಿಸಬಹುದು; ಕಿರುಹಲಗೆಗಳನ್ನೂ ಅದಕ್ಕೇ ಜೋಡಿಸಬಹುದು. ಮನೆ ಬಿಡುವಾಗ ಕಳಚಿಕೊಂಡು ಹೋದರಾಯಿತು.